ಡಾಂಬರಿಗೆ ದುಡ್ಡುಂಟು, ಮೋರಿಗಿಲ್ಲ

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಫುಟ್‌ಪಾತ್ ಹಿಡಿದು ನಡೆಯುವವರು ಬಹುಪಾಲು ನಡೆಯುವುದು ಚರಂಡಿಯ ಮುಚ್ಚಳದ ಮೇಲೆ. ಕಾಲಡಿಯ ಕಲ್ಲುಚಪ್ಪಡಿ ಅಲ್ಲಾಡಿ ಸಂದಿನಿಂದ ಕೆಸರು ನೀರು ಪ್ಯಾಂಟಿಗೋ ಸೀರೆಗೋ ಚಿಮ್ಮಿದಾಗ ಮಾತ್ರ ಅದು ನೆನಪಾಗುತ್ತದೆ. ರಸ್ತೆ, ಅದರ ಪಕ್ಕದ ಮೋರಿ, ಮೋರಿಯ ಮೇಲಿನ ಕಾಲುದಾರಿ ಇವನ್ನು ನಾವು ಮೂರು ಬೇರೆ ಬೇರೆ ದೂರುಗಳಾಗಿ ಬರೆದು ಕೊಡುತ್ತೇವೆ. ಪಾಲಿಕೆಯೂ ಮೂರು ಬೇರೆ ಕಾಮಗಾರಿಗಳಾಗಿ ಟೆಂಡರ್ ಕರೆಯುತ್ತದೆ. ನೀರಿಗೆ ಮಾತ್ರ ಈ ವಿಂಗಡಣೆ ಗೊತ್ತಿಲ್ಲ.

ಮೊದಲು ನೀರಿನ ಲೆಕ್ಕವನ್ನೇ ನೋಡೋಣ. ಥರ್ಟಿ-ಫಾರ್ಟಿ ಸೈಟು ಅಂದರೆ 1,200 ಚದರಡಿ, ಹೆಚ್ಚುಕಡಿಮೆ 111 ಚದರ ಮೀಟರ್. ಒಂದು ಸಂಜೆ 50 ಮಿ.ಮೀ. ಮಳೆ ಹೊಯ್ದಿತು ಅನ್ನಿ, ಬೆಂಗಳೂರಿಗೆ ಅದೇನೂ ಅಪರೂಪವಲ್ಲ. ಆ ಒಂದು ಸೈಟಿನ ಮೇಲೆ ಬೀಳುವ ನೀರು ಸುಮಾರು 5,500 ಲೀಟರ್. ಬೇಸಿಗೆಯಲ್ಲಿ ದುಡ್ಡು ಕೊಟ್ಟು ತರಿಸುವ ಸಣ್ಣ ಟ್ಯಾಂಕರಿನ ತುಂಬ ನೀರು. ಬೀದಿಯ ಎರಡೂ ಬದಿ ಸೇರಿ ನಲವತ್ತು ಮನೆಗಳಿದ್ದರೆ ಸುಮಾರು ನಲವತ್ತು ಟ್ಯಾಂಕರ್ ನೀರು. ರಸ್ತೆಯ ಮೈಮೇಲೆ ನೇರವಾಗಿ ಬಿದ್ದದ್ದು ಬೇರೆ. ಇದರಲ್ಲಿ ಎಷ್ಟು ಪಾಲು ಹರಿದು ಮೋರಿ ಸೇರುತ್ತದೆ ಎನ್ನುವುದು ನೆಲದ ಮೇಲೆ ನಿಂತಿದೆ. ಗಿಡಮರವಿರುವ ಮಣ್ಣಿನ ಅಂಗಳ ಕಾಲುಭಾಗದಷ್ಟನ್ನು ಹೊರಗೆ ಬಿಟ್ಟರೆ, ಕಾಂಕ್ರೀಟು ಮತ್ತು ಟೈಲ್ಸು ಹತ್ತರಲ್ಲಿ ಒಂಬತ್ತು ಪಾಲನ್ನು ಹೊರಗಟ್ಟುತ್ತವೆ. ಅಂಗಳಕ್ಕೂ ಟೈಲ್ಸ್ ಹಾಕಿಸಿ ಗೇಟಿನವರೆಗೆ ಚೊಕ್ಕ ಮಾಡಿಕೊಂಡ ನಾವು, ಹೆಂಚಿನ ಮನೆಗಳ ಕಾಲಕ್ಕೆ ಕಟ್ಟಿದ ಮೋರಿಗೆ ಅಂಗಳದ ಪಾಲಿನಲ್ಲೇ ಮೂರು ನಾಲ್ಕು ಪಟ್ಟು ಹೊರೆ ಹೊರಿಸಿದ್ದೇವೆ. ಮಳೆಯೇ ಹೆಚ್ಚಾಯಿತು ಎಂದು ದೂರುವ ಮುನ್ನ ಇದನ್ನೂ ಕೂಡಿಸಿಕೊಳ್ಳಬೇಕು. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ 970 ಮಿ.ಮೀ. ಆಸುಪಾಸು. ಮಂಗಳೂರಿಗೆ ಅದರ ಮೂರು ಪಟ್ಟಿಗೂ ಹೆಚ್ಚು ಸುರಿಯುತ್ತದೆ.

ಈ ನೀರು ಮೋರಿಗೆ ಸೇರಲಿ ಎಂದೇ ರಸ್ತೆಯ ನಡುವನ್ನು ಎತ್ತರಿಸಿ ಅಂಚನ್ನು ತಗ್ಗಿಸಿರುತ್ತಾರೆ. ಡಾಂಬರು ರಸ್ತೆಯಲ್ಲಿ ನೂರಕ್ಕೆ ಎರಡರಿಂದ ಎರಡೂವರೆಯಷ್ಟು ಇಳಿಜಾರಿರಬೇಕು ಎನ್ನುವುದು ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐಆರ್‌ಸಿ) ನಿಯಮ. ಏಳು ಮೀಟರ್ ಅಗಲದ ರಸ್ತೆಯಾದರೆ ನಡುವಿಗೂ ಅಂಚಿಗೂ ಏಳೆಂಟು ಸೆಂಟಿಮೀಟರ್ ವ್ಯತ್ಯಾಸ, ಅಷ್ಟೇ. ಅಂಚಿಗೆ ಬಂದ ನೀರು ಕರ್ಬ್ ಕಲ್ಲಿನಲ್ಲಿ ಬಿಟ್ಟಿರುವ ಕಿಂಡಿಯ ಮೂಲಕ ಒಳಗಿಳಿಯಬೇಕು. ನಮ್ಮ ಬೀದಿಗಳಲ್ಲಿ ಕೆಟ್ಟಿರುವುದು ಬಹುಪಾಲು ಇಲ್ಲೇ. ಕಿಂಡಿ ಇಟ್ಟಿಗೆಯಷ್ಟು ಚಿಕ್ಕದು. ಅದರ ಬಾಯಿಗೆ ಗುಲ್‌ಮೊಹರಿನ ಎಲೆ, ಹಾಲಿನ ಪ್ಯಾಕೆಟ್ಟು, ಮನೆ ಕಟ್ಟುವವರು ರಸ್ತೆಯಲ್ಲಿ ರಾಶಿ ಹಾಕಿದ ಎಂ-ಸ್ಯಾಂಡು ಬಂದು ಕೂರುತ್ತವೆ. ಬೆಳಿಗ್ಗೆ ಗುಡಿಸಿದ ದೂಳನ್ನು ಸಾಗಿಸಲು ಗಾಡಿ ಬಾರದಿದ್ದರೆ ಅದೂ ಅಲ್ಲಿಗೇ. ಕೆಲವೆಡೆ ಕಿಂಡಿಯೇ ರಸ್ತೆಗಿಂತ ಎತ್ತರದಲ್ಲಿರುತ್ತದೆ. ನೀರು ಹತ್ತಿ ಹೋಗಲೆಂದು ಬಿಟ್ಟಿದ್ದಾರೋ ಏನೋ!

ಕಿಂಡಿ ಕಟ್ಟಿಕೊಂಡ ಜಾಗದಲ್ಲಿ ರಸ್ತೆಯ ಅಂಚಿಗೆ ನೀರು ನಿಲ್ಲುತ್ತದೆ. ಗುಂಡಿ ಹುಟ್ಟುವುದು ಅಲ್ಲಿಂದಲೇ. ಡಾಂಬರು ಅಂದರೆ ಜಲ್ಲಿಗೆ ಬಿಟುಮೆನ್ ಲೇಪಿಸಿ ಒತ್ತಿ ಕೂರಿಸಿದ ಪದರ. ಬಿಸಿಲಿಗೆ, ವಯಸ್ಸಿಗೆ ಅದರಲ್ಲಿ ಕೂದಲೆಳೆಯಂಥ ಬಿರುಕು ಬರುವುದು ಸಹಜ. ನಿಂತ ನೀರು ಆ ಬಿರುಕಿನಿಂದ ಇಳಿಯುತ್ತದೆ. ಮೇಲೆ ಬಸ್ಸಿನ ಚಕ್ರ ಹಾದಾಗ ಒಳಗಿನ ನೀರಿಗೆ ಒತ್ತಡ ಬಿದ್ದು ಅದು ಹೊರಚಿಮ್ಮುತ್ತದೆ, ಚಿಮ್ಮುವಾಗ ತಳದ ನುಣ್ಣನೆಯ ಪುಡಿಯನ್ನೂ ಹೊತ್ತು ತರುತ್ತದೆ. ಜಲ್ಲಿಗೂ ಬಿಟುಮೆನ್‌ಗೂ ಇದ್ದ ಅಂಟು ಬಿಡುತ್ತದೆ. ಮೇಲ್ಮೈಯಲ್ಲಿ ಮೊಸಳೆಯ ಚರ್ಮದಂತೆ ಬಿರುಕುಗಳ ಜಾಲ ಕಾಣಿಸಿಕೊಂಡಿತು ಅಂದರೆ ತಳ ಪೊಳ್ಳಾಗಿದೆ ಎಂದೇ ಅರ್ಥ. ಮುಂದಿನ ಜೋರು ಮಳೆಗೆ ಅಲ್ಲಿ ಒಂದು ತುಣುಕು ಕಿತ್ತು ಬರುತ್ತದೆ. ಚಳಿದೇಶಗಳಲ್ಲಿ ಬಿರುಕಿನ ನೀರು ಹೆಪ್ಪುಗಟ್ಟಿ ಹಿಗ್ಗುವುದರಿಂದಲೂ ರಸ್ತೆ ಸೀಳುತ್ತದೆ. ನಮಗೆ ಹಿಮದ ಕಾಟವಿಲ್ಲ. ನಮ್ಮ ಗುಂಡಿಗಳಿಗೆ ಕಾರಣ ನಿಂತ ನೀರು, ಅದರ ಮೇಲೆ ಓಡುವ ಭಾರ ಮತ್ತು ಕೆಳಗಿನ ಕಳಪೆ ತಳ.

ಗುಂಡಿ ಮುಚ್ಚುವುದಕ್ಕೆ ಒಂದು ಕ್ರಮವಿದೆ. ಎಂಜಿನಿಯರುಗಳಿಗೆಲ್ಲ ಅದು ಗೊತ್ತು. ಗುಂಡಿಯ ಸುತ್ತ ಗಟ್ಟಿ ಭಾಗ ಸಿಗುವವರೆಗೆ ಚೌಕಾಕಾರವಾಗಿ, ಅಂಚು ನೆಟ್ಟಗಿರುವಂತೆ ಕತ್ತರಿಸಬೇಕು. ಒಳಗಿನ ಸಡಿಲ ಜಲ್ಲಿ, ದೂಳು ತೆಗೆದು ಒಣಗಿಸಬೇಕು. ತಳಕ್ಕೂ ಬದಿಗಳಿಗೂ ತೆಳುವಾಗಿ ಬಿಟುಮೆನ್ ಸವರಬೇಕು. ಬಿಸಿ ಮಿಶ್ರಣವನ್ನು ಪದರ ಪದರವಾಗಿ ಹಾಕಿ ರೋಲರ್ ಓಡಿಸಬೇಕು. ಘಟಕದಿಂದ ಹೊರಡುವಾಗ 150 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುವ ಮಿಶ್ರಣ 90 ಡಿಗ್ರಿಗಿಂತ ಕೆಳಗಿಳಿಯುವ ಮುನ್ನ ಒತ್ತುವ ಕೆಲಸ ಮುಗಿದಿರಬೇಕು. ಆಮೇಲೆ ಎಷ್ಟು ಉರುಳಿಸಿದರೂ ಅದು ಕೂರುವುದಿಲ್ಲ. ಈಗ ಬೆಂಗಳೂರಿನ ಟ್ರಾಫಿಕ್ಕನ್ನು ನೆನೆಸಿಕೊಳ್ಳಿ. ನಗರದ ಅಂಚಿನ ಘಟಕದಲ್ಲಿ ತುಂಬಿಸಿಕೊಂಡ ಲಾರಿ ಒಳಗಿನ ಬಡಾವಣೆ ಮುಟ್ಟುವ ಹೊತ್ತಿಗೆ ಮಿಶ್ರಣ ಎಷ್ಟು ಬಿಸಿ ಉಳಿದಿರುತ್ತದೆ? ರಾತ್ರಿ ಕೆಲಸಕ್ಕೆ ಇದೂ ಒಂದು ಕಾರಣ. ಆದರೆ ಬೀದಿಯಲ್ಲಿ ನಾವು ನೋಡುವುದು ಬಾಂಡಲಿಯಲ್ಲಿ ತಂದು ಸುರಿದು, ಸಲಿಕೆಯ ಬೆನ್ನಿನಿಂದ ಎರಡು ಬಡಿದು, ಉಳಿದದ್ದನ್ನು ಓಡಾಡುವ ವಾಹನಗಳಿಗೆ ವಹಿಸಿಕೊಡುವ ಕ್ರಮವನ್ನು. ನೀರು ನಿಂತ ಗುಂಡಿಗೆ ಹೀಗೆ ಹಾಕಿದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಮಳೆಯಲ್ಲೂ ಹಾಕಬಹುದಾದ ಕೋಲ್ಡ್ ಮಿಕ್ಸ್ ಇದೆ, ಸ್ಥಳದಲ್ಲೇ ಗುಂಡಿ ತುಂಬುವ ಯಂತ್ರಗಳನ್ನೂ ಪಾಲಿಕೆ ಬಳಸಿ ನೋಡಿದೆ. ಅವೆಲ್ಲ ತುರ್ತಿಗೆ ಸರಿ. ಪಕ್ಕದ ಕಿಂಡಿಯನ್ನು ಬಿಡಿಸದೆ ಮುಚ್ಚಿದ ಗುಂಡಿ ಮುಂದಿನ ಮಳೆಗೆ ಅದೇ ಜಾಗದಲ್ಲಿ ಮತ್ತೆ ಬಾಯಿ ತೆರೆಯುತ್ತದೆ.

ಇನ್ನೊಂದು ಕೆಡುಕು ನಿಧಾನವಾಗಿ ಆಗುವಂಥದ್ದು. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಪದರ ಹಾಸುವುದು. ಒಂದು ಸಲಕ್ಕೆ ನಾಲ್ಕೈದು ಸೆಂಟಿಮೀಟರ್ ಏರಿದರೆ ಯಾರಿಗೂ ಕಾಣುವುದಿಲ್ಲ. ಐದಾರು ಸಲ ಆದ ಮೇಲೆ ನೋಡಿ, ರಸ್ತೆ ಒಂದಡಿಯ ಹತ್ತಿರ ಮೇಲೆದ್ದಿರುತ್ತದೆ, ಫುಟ್‌ಪಾತು ಮಟ್ಟಕ್ಕೆ ಬಂದಿರುತ್ತದೆ, ಮನೆಯ ಗೇಟು ಹಳ್ಳಕ್ಕೆ ಬಿದ್ದಿರುತ್ತದೆ. ಮಲ್ಲೇಶ್ವರ, ಬಸವನಗುಡಿಯಂಥ ಕಡೆ ಹಳೆಯ ಮನೆಗಳ ಬಾಗಿಲಿಗೆ ಮೆಟ್ಟಿಲು ಹತ್ತಿ ಹೋಗುತ್ತಿದ್ದವರು ಈಗ ಇಳಿದು ಹೋಗುವುದುಂಟು. ಮಳೆ ಬಂದರೆ ರಸ್ತೆಯ ನೀರಿಗೆ ಅವರ ವರಾಂಡವೇ ಹತ್ತಿರ. ಮನೆಯವರು ಗೇಟಿನ ಮುಂದೆ ಕಾಂಕ್ರೀಟಿನ ದಿಬ್ಬ ಕಟ್ಟಿಸುತ್ತಾರೆ, ಆ ದಿಬ್ಬ ಮೋರಿಯನ್ನು ಅಡ್ಡಗಟ್ಟುತ್ತದೆ, ನೀರು ಪಕ್ಕದ ಮನೆಗೆ ಹೋಗುತ್ತದೆ. ಹಳೆಯ ಪದರವನ್ನು ಕೆರೆಯುವ ಯಂತ್ರಗಳು ನಗರದಲ್ಲಿವೆ, ದೊಡ್ಡ ರಸ್ತೆಗಳಲ್ಲಿ ಬಳಕೆಯಾಗುತ್ತವೆ. ಒಳಬೀದಿಯ ಎಸ್ಟಿಮೇಟಿನಲ್ಲಿ ಆ ಸಾಲು ಇರುವುದು ಅಪರೂಪ.

ಇನ್ನು ಮೋರಿಯ ಒಳಗೆ ಹೋಗೋಣ. ಹೂಳೆತ್ತಬೇಕಾದರೆ ಮೊದಲು ಚಪ್ಪಡಿ ಎತ್ತಬೇಕು. ಎತ್ತುವಾಗ ಒಂದೆರಡು ಒಡೆಯುತ್ತವೆ, ಒಡೆದದ್ದಕ್ಕೆ ಬದಲಿ ಕಲ್ಲು ಆ ಗುತ್ತಿಗೆಯಲ್ಲಿ ಇರುವುದಿಲ್ಲ, ಏಕೆಂದರೆ ಫುಟ್‌ಪಾತು ಬೇರೆ ಲೆಕ್ಕಶೀರ್ಷಿಕೆ. ತೆಗೆದ ಹೂಳು ಹಸಿಯಾಗಿರುತ್ತದೆ. ಹಾಗೇ ತುಂಬಿದರೆ ಟ್ರ್ಯಾಕ್ಟರಿನಿಂದ ದಾರಿಯುದ್ದಕ್ಕೂ ಸೋರುತ್ತದೆಂದು ಒಣಗಲು ಪಕ್ಕದಲ್ಲೇ ಗುಡ್ಡೆ ಹಾಕುತ್ತಾರೆ. ಟ್ರ್ಯಾಕ್ಟರು ಬರುವುದರೊಳಗೆ ಮಳೆ ಬರುತ್ತದೆ. ಗುಡ್ಡೆ ಮರಳಿ ಮೋರಿಗೆ. ಕೆಲಸ ಆಗಿದೆ, ಬಿಲ್ಲೂ ಆಗಿದೆ, ಹೂಳು ಇದ್ದಲ್ಲೇ ಇದೆ. ಈ ಕೆಲಸಕ್ಕೆ ಇಳಿಯುವ ಗ್ಯಾಂಗಿನವರ ಕೈಗೆ ಗ್ಲೌಸು, ಕಾಲಿಗೆ ಗಮ್‌ಬೂಟು ಇವೆಯೇ ಎಂದು ಒಮ್ಮೆ ಕಣ್ಣು ಹಾಯಿಸಿ. ಮಲದ ಗುಂಡಿಗೆ, ಒಳಚರಂಡಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಮಳೆನೀರು ಮೋರಿ ಹೆಸರಿಗೆ ಅದರಿಂದ ಹೊರಗೆ. ಅದರಲ್ಲಿ ಹರಿಯುವುದು ಮಾತ್ರ ಮಳೆನೀರೊಂದೇ ಅಲ್ಲ.

ಬೆಂಗಳೂರಿನಲ್ಲಿ ಮಳೆನೀರಿನ ಚರಂಡಿ ಪಾಲಿಕೆಯದು, ಒಳಚರಂಡಿ 1964ರಲ್ಲಿ ಹುಟ್ಟಿದ ಜಲಮಂಡಳಿಯದು. ಎರಡೂ ಎಲ್ಲೂ ಕೂಡಬಾರದು. ಒಳಚರಂಡಿಯ ಕೊಳವೆ ಇಲ್ಲದ ಕಡೆ, ಇದ್ದರೂ ಕಟ್ಟಿಕೊಂಡ ಕಡೆ ಶೌಚದ ನೀರನ್ನು ಮೋರಿಗೆ ತಿರುಗಿಸಿದ್ದಾರೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ರಚನೆಯಾದಾಗ ಏಳು ನಗರಸಭೆ, ಒಂದು ಪುರಸಭೆಯ ಜೊತೆಗೆ 110 ಹಳ್ಳಿಗಳು ನಗರದೊಳಗೆ ಬಂದವು. ಬಡಾವಣೆಗಳು ಮೊದಲು ಎದ್ದವು, ಕೊಳವೆಗಳು ಆಮೇಲೆ ಬಂದವು. ಆ ಹಳ್ಳಿಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಅದಕ್ಕೂ, ಒಳಚರಂಡಿಗೂ ವರ್ಷಗಟ್ಟಲೆ ರಸ್ತೆ ಅಗೆದರು. ನೀರು ಬೇಕು, ಅಗೆಯದೆ ಬರುವುದಿಲ್ಲ, ಅದರಲ್ಲಿ ತಕರಾರಿಲ್ಲ. ತಕರಾರಿರುವುದು ಮುಚ್ಚುವ ರೀತಿಯಲ್ಲಿ. ಅಗೆದ ಕಾಲುವೆಯನ್ನು ತುಸು ತುಸುವೇ ಮಣ್ಣು ಹಾಕಿ, ನೀರು ಚಿಮುಕಿಸಿ, ಪ್ರತಿ ಪದರವನ್ನೂ ಧಮ್ಮಸು ಮಾಡಿ ತುಂಬಬೇಕು. ಜೆಸಿಬಿಯಿಂದ ಒಂದೇ ಸಲಕ್ಕೆ ತಳ್ಳಿ ಮೇಲೆ ಡಾಂಬರು ಸವರಿದರೆ ಮೊದಲ ಮಳೆಗೆ ಆ ಗೆರೆಯುದ್ದಕ್ಕೂ ನೆಲ ಕುಸಿಯುತ್ತದೆ. ಅಗೆಯುವ ಸಂಸ್ಥೆ ರಸ್ತೆ ಸರಿಪಡಿಸುವ ಖರ್ಚನ್ನು ಪಾಲಿಕೆಗೆ ಕಟ್ಟುತ್ತದೆ. ಅದು ಇನ್ನೊಂದು ಟೆಂಡರಾಗಿ ಬೀದಿಗೆ ಮರಳುವ ಹೊತ್ತಿಗೆ ದೂರವಾಣಿ ಕೇಬಲ್ಲಿನವರು ಬಂದಿರುತ್ತಾರೆ. ಇವರನ್ನೆಲ್ಲ ಒಂದೇ ಕಡೆ ಅನುಮತಿ ಪಡೆಯುವಂತೆ ಮಾಡಲು 2016ರ ಸುಮಾರಿಗೆ ಒಂದು ಆನ್‌ಲೈನ್ ವ್ಯವಸ್ಥೆಯನ್ನೇ ತಂದರು. ಅನುಮತಿ ಒಂದೇ ಕಿಟಕಿಗೆ ಬಂತು. ಗುದ್ದಲಿಗಳು ಮಾತ್ರ ಈಗಲೂ ಬೇರೆ ಬೇರೆ ತಿಂಗಳಲ್ಲೇ ಬರುತ್ತವೆ.

ಅಗೆತದ ಇನ್ನೊಂದು ಪೆಟ್ಟು ಕಾಗದದ ಮೇಲೆ ಬೀಳುತ್ತದೆ. ರಸ್ತೆ ಮಾಡಿದ ಗುತ್ತಿಗೆದಾರ ಕೆಲಸ ಮುಗಿದ ಮೇಲೂ ಇಂತಿಷ್ಟು ವರ್ಷ, ಸಾಮಾನ್ಯವಾಗಿ ಎರಡು ಮೂರು ವರ್ಷ, ದೋಷಕ್ಕೆ ಹೊಣೆ. ಆ ಅವಧಿಯಲ್ಲಿ ಬಿದ್ದ ಗುಂಡಿಯನ್ನು ಅವನೇ ಸ್ವಂತ ಖರ್ಚಿನಲ್ಲಿ ಮುಚ್ಚಬೇಕು. ನಡುವೆ ಯಾರೋ ಬಂದು ಅಗೆದರೆ 'ನನ್ನ ರಸ್ತೆ ಕೆಟ್ಟಿದ್ದು ಅವರಿಂದ' ಎನ್ನಲು ಅವನಿಗೆ ದಾರಿ ಸಿಕ್ಕಿತು. ಹೊಣೆ ಯಾರದೂ ಆಗದೆ ಉಳಿಯಿತು.

ವಾರ್ಡಿನ ಸಹಾಯಕ ಎಂಜಿನಿಯರ ಮೇಜಿನ ಮೇಲೆ ಒಂದು ರಸ್ತೆಯ ಕಥೆ ಹೀಗೆ ಸಾಗುತ್ತದೆ: ಲೋಕೋಪಯೋಗಿ ಇಲಾಖೆಯ ದರಪಟ್ಟಿ ಇಟ್ಟುಕೊಂಡು ಎಸ್ಟಿಮೇಟು, ಮೇಲಿನವರ ತಾಂತ್ರಿಕ ಮಂಜೂರಾತಿ, 1999ರ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್, ಕಾರ್ಯಾದೇಶ, ಕೆಲಸ, ಅಳತೆ ಪುಸ್ತಕದಲ್ಲಿ ದಾಖಲೆ, ಬಿಲ್ಲು. ಅಳತೆ ಪುಸ್ತಕವನ್ನು ಕಚೇರಿಯಲ್ಲಿ ಎಂ.ಬಿ. ಅನ್ನುತ್ತಾರೆ. ಎಂ.ಬಿ.ಯಲ್ಲಿ ಬರೆದದ್ದೇ ರಸ್ತೆ, ನೆಲದ ಮೇಲಿನದ್ದು ಆಮೇಲೆ. ರಾಜ್ಯ ಗುತ್ತಿಗೆದಾರರ ಸಂಘವೇ 2021ರಲ್ಲಿ ಪ್ರಧಾನಿಗೆ ಪತ್ರ ಬರೆದು ಕಾಮಗಾರಿಗಳಲ್ಲಿ ನಲವತ್ತು ಪರ್ಸೆಂಟ್ ಕಮಿಷನ್ ಕೇಳುತ್ತಾರೆಂದು ಆರೋಪಿಸಿತ್ತು. ಆ ಆರೋಪದ ಸತ್ಯಾಸತ್ಯ ಏನೇ ಇರಲಿ, ಪ್ರಾಮಾಣಿಕವಾಗಿ ನಡೆದರೂ ಈ ಸರಪಳಿಯಲ್ಲೇ ಒಂದು ದೋಷವಿದೆ ಎನ್ನುವುದು ನನ್ನ ಅನಿಸಿಕೆ. ಅದು ತಿಂಗಳುಗಳ ದೋಷ.

ಪಾಲಿಕೆಯ ವರ್ಷ ಏಪ್ರಿಲ್‌ನಲ್ಲಿ ಶುರು. ಬಜೆಟ್ ಮಾರ್ಚ್‌ನಲ್ಲೋ ಅದಕ್ಕೂ ತಡವಾಗಿಯೋ ಆಗುತ್ತದೆ. ಆಮೇಲೆ ಎಸ್ಟಿಮೇಟು, ಟೆಂಡರು ಎಂದು ನಾಲ್ಕೈದು ತಿಂಗಳು. ಕಾರ್ಯಾದೇಶ ಕೈಗೆ ಬರುವಾಗ ಆಗಸ್ಟ್. ಬೆಂಗಳೂರಿಗೆ ಅತಿ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್, ಅಕ್ಟೋಬರ್ ಕೂಡ ಹಿಂದೆ ಬಿದ್ದಿಲ್ಲ. ಮೇ ತಿಂಗಳಲ್ಲೇ ಗುಡುಗು ಮಳೆ ಒಂದು ಸುತ್ತು ಹೊಡೆದಿರುತ್ತದೆ. ಹಾಗಾಗಿ ಡಾಂಬರು ಹಾಕಲು ಯೋಗ್ಯವಾದ ಕಾಲ ಡಿಸೆಂಬರ್‌ನಿಂದ ಮಾರ್ಚ್. ಅಷ್ಟರಲ್ಲಿ ಆರ್ಥಿಕ ವರ್ಷ ಮುಗಿಯುತ್ತ ಬಂದಿರುತ್ತದೆ, ಅನುದಾನ ವಾಪಸು ಹೋಗುವ ಭಯ, ಮಾರ್ಚ್ 31ರೊಳಗೆ ಬಿಲ್ಲು ಮಾಡುವ ಧಾವಂತ. ಇಡೀ ಊರಿನ ರಸ್ತೆಗಳಿಗೆ ಒಂದೇ ತಿಂಗಳಲ್ಲಿ ಡಾಂಬರು ಬೀಳುವುದು ಈ ಕಾರಣಕ್ಕೆ. ಮೋರಿಯ ಹೂಳು ತೆಗೆಯಬೇಕಾದದ್ದು ಮಾರ್ಚ್-ಏಪ್ರಿಲ್‌ನಲ್ಲಿ, ಅಂದರೆ ಹಳೆಯ ವರ್ಷದ ದುಡ್ಡು ಖಾಲಿಯಾಗಿ ಹೊಸದು ಇನ್ನೂ ಬಾರದ ಹೊತ್ತಿನಲ್ಲಿ. ಮೊದಲ ಮಳೆಗೆ ಮನೆಗಳಿಗೆ ನೀರು ನುಗ್ಗಿ ಟಿವಿಯವರು ಬಂದ ಮೇಲೆ 'ಸಮರೋಪಾದಿಯಲ್ಲಿ' ಹೂಳೆತ್ತುವ ಆದೇಶ ಹೊರಡುತ್ತದೆ.

ಹೊಸ ರಸ್ತೆಗೆ ಗುದ್ದಲಿ ಪೂಜೆಯಿದೆ, ಫ್ಲೆಕ್ಸ್ ಇದೆ, ಶಾಸಕರ ಫೋಟೋ ಇದೆ. ಕಿಂಡಿ ಬಿಡಿಸಿದ್ದಕ್ಕೆ ಯಾರೂ ಹಾರ ಹಾಕುವುದಿಲ್ಲ. ನಿರ್ವಹಣೆಗೆ ಹಣ ಸಿಗದಿರುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಿಲ್ಲ. ಸುಮಾರು 13 ಸಾವಿರ ಕಿಲೋಮೀಟರ್ ರಸ್ತೆಯಿರುವ ನಗರದಲ್ಲಿ ಡಾಂಬರಿನ ಮೇಲೆ ಕಾಂಕ್ರೀಟು ಹಾಸುವ ವೈಟ್ ಟಾಪಿಂಗ್‌ಗೆ, ಮೇಲ್ಸೇತುವೆಗೆ, ಈಗ ಸುರಂಗಕ್ಕೆ ಯೋಜನೆಗಳು ಸಾಲುಗಟ್ಟುತ್ತವೆ. ಪ್ರತಿ ಬೀದಿಗೆ ವರ್ಷಕ್ಕೆರಡು ಸಲ ಹೋಗಿ ಕಿಂಡಿ, ಜಾಲರಿ, ಚಪ್ಪಡಿ ನೋಡಿ ಬರುವ ಖಾಯಂ ಗ್ಯಾಂಗಿಗೆ ದುಡ್ಡಿರುವುದಿಲ್ಲ. ಒಂದು ಕಾಲಕ್ಕೆ ನಮ್ಮ ಕೆರೆಯ ಊರುಗಳಲ್ಲಿ ನೀರಗಂಟಿ ಇರುತ್ತಿದ್ದ. ತೂಬು, ಕಾಲುವೆ ನೋಡಿಕೊಳ್ಳುವುದೇ ಅವನ ಕೆಲಸ, ಅದಕ್ಕೆ ಪ್ರತಿಯಾಗಿ ಇನಾಮು ಜಮೀನೋ ಸುಗ್ಗಿಯ ಕಾಳೋ ಸಿಗುತ್ತಿತ್ತು. ಅವನಿಗಿದ್ದ ಜಾತಿಯ ಕಟ್ಟು ನಮಗೆ ಬೇಡ, ಆ ಹುದ್ದೆ ಬೇಕು.

ಸರಿಯಾಗಿ ಮಾಡಿದ ರಸ್ತೆ ಹೇಗಿರುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ. ಹತ್ತು ವರ್ಷಗಳ ಹಿಂದೆ ಟೆಂಡರ್‌ಶ್ಯೂರ್ ಹೆಸರಿನಲ್ಲಿ ವಿಠಲ್ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಗಳನ್ನು ಮರುರೂಪಿಸಿದರು. ನೀರು, ವಿದ್ಯುತ್ತು, ಕೇಬಲ್ಲು, ಮಳೆನೀರು ಎಲ್ಲಕ್ಕೂ ಮೊದಲೇ ನೆಲದಡಿ ಜಾಗ ಗುರುತಿಸಿ, ಮೇಲೆ ಅಗಲವಾದ ಕಾಲುದಾರಿ ಮಾಡಿದರು. ಮತ್ತೆ ಅಗೆಯುವ ನೆಪ ಕಡಿಮೆಯಾಯಿತು. ಖರ್ಚು ಹೆಚ್ಚು ಎಂಬ ಟೀಕೆ ಆಗಲೇ ಬಂತು, ಇಡೀ ನಗರಕ್ಕೆ ಹೀಗೆ ಮಾಡಲಾಗದು ಎನ್ನುವುದೂ ನಿಜವೇ. ಆದರೆ ಮೊದಲು ನೆಲದಡಿಯ ಕೆಲಸ, ಆಮೇಲೆ ಮೇಲಿನದು ಎಂಬ ಕ್ರಮಕ್ಕೆ ಹೆಚ್ಚು ಖರ್ಚಿಲ್ಲ. ಅದು ಕಡಿಮೆ ದುಡ್ಡಿನ ಬೀದಿಗೂ ಆಗುತ್ತದೆ.

ಕಾಲುದಾರಿಗೆ ಐಆರ್‌ಸಿ ಹೇಳುವ ಕನಿಷ್ಠ ಅಗಲ 1.8 ಮೀಟರ್, ಅಂಚಿನ ಎತ್ತರ 15 ಸೆಂಟಿಮೀಟರ್ ಮೀರಬಾರದು. ಬೈಕುಗಳು ಹತ್ತದಿರಲೆಂದು ನಮ್ಮಲ್ಲಿ ಒಂದಡಿಗೂ ಹೆಚ್ಚು ಎತ್ತರಿಸುತ್ತಾರೆ. ಬೈಕಿನವರು ಮನೆಗಳ ರ‍್ಯಾಂಪ್ ಹುಡುಕಿ ಹತ್ತುತ್ತಾರೆ, ಮಂಡಿನೋವಿನ ಅಜ್ಜಿ ರಸ್ತೆಗಿಳಿದು ನಡೆಯುತ್ತಾರೆ. ಟ್ರಾನ್ಸ್‌ಫಾರ್ಮರು, ಕಂಬ, ಕಸದ ರಾಶಿಗೂ ಅದೇ ಜಾಗ. ಇಷ್ಟರ ನಡುವೆ ಎತ್ತಂಗಡಿಯಾಗುವುದು ಮಾತ್ರ ಸೊಪ್ಪು ಮಾರುವವರು. ಅವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ರಕ್ಷಣೆಯಿದೆ, ಟ್ರಾನ್ಸ್‌ಫಾರ್ಮರಿಗೆ ಯಾವ ಕಾಯ್ದೆಯಿಂದ ಆ ಹಕ್ಕು ಬಂತೋ ತಿಳಿಯದು.

ನ್ಯಾಯಾಲಯಗಳು ಇದನ್ನೆಲ್ಲ ಹಕ್ಕಿನ ಮಾತಾಗಿ ನೋಡಿವೆ. ಸುಸ್ಥಿತಿಯ ರಸ್ತೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ, ಗುಂಡಿಯಿಂದ ಪೆಟ್ಟಾದರೆ ಪರಿಹಾರ ಕೇಳಬಹುದು ಎಂದು ಕರ್ನಾಟಕ ಹೈಕೋರ್ಟ್ 2019ರಲ್ಲಿ ಹೇಳಿತು. ಆಗ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ಅಭಯ್ ಎಸ್. ಓಕಾ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಪೀಠ ಪಾದಚಾರಿಗಳಿಗೆ ಫುಟ್‌ಪಾತು ಅದೇ 21ನೇ ವಿಧಿಯ ಹಕ್ಕು ಎಂದಾಗ ಆ ಪೀಠದಲ್ಲೂ ಅವರಿದ್ದರು.

ಕೇಳುವವರು ಯಾರು ಎನ್ನುವುದು ಉಳಿದ ಪ್ರಶ್ನೆ. ಬಿಬಿಎಂಪಿಯ ಕೊನೆಯ ಚುನಾಯಿತ ಕೌನ್ಸಿಲ್ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಕಾರ್ಪೊರೇಟರ್ ಇಲ್ಲದೆಯೇ ಐದು ವರ್ಷ ಕಳೆದು, 2025ರ ಸೆಪ್ಟೆಂಬರ್‌ನಲ್ಲಿ ಅದು ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾಯಿತು. ಕಾರ್ಪೊರೇಟರುಗಳ ಮೇಲೆ ನಮಗೆ ಎಷ್ಟೇ ಸಿಟ್ಟಿರಲಿ, ಮೋರಿ ಕಟ್ಟಿಕೊಂಡಾಗ ಮನೆ ಬಾಗಿಲು ತಟ್ಟಬಹುದಾಗಿದ್ದವರು ಅವರೇ. ಸಣ್ಣ ಊರುಗಳ ಪಾಡು ಇನ್ನೊಂದು ಬಗೆ. 1964ರ ಪುರಸಭೆಗಳ ಕಾಯ್ದೆ ರಸ್ತೆ, ಚರಂಡಿಗಳನ್ನು ಕಡ್ಡಾಯ ಕರ್ತವ್ಯವೆಂದೇ ಬರೆದಿದೆ. ಆದರೆ ನೀರಿನ ಪಂಪು, ಬೀದಿ ದೀಪ, ಕಸ, ರಸ್ತೆ ನಾಲ್ಕನ್ನೂ ಒಬ್ಬ ಕಿರಿಯ ಎಂಜಿನಿಯರ್ ನೋಡಬೇಕಾದ ಪಟ್ಟಣಗಳಿವೆ.

ಇದನ್ನು ಓದುವವರಲ್ಲಿ ಒಂದು ವಿನಂತಿ. ಡಾಂಬರು ಕೇಳಿ ಸೆಪ್ಟೆಂಬರ್‌ನಲ್ಲಿ ಅರ್ಜಿ ಕೊಡುವ ಬದಲು ಫೆಬ್ರವರಿಯಲ್ಲಿ ಬೀದಿಯವರೆಲ್ಲ ಸೇರಿ ಮೋರಿಯ ಹೂಳಿನ ಬಗ್ಗೆ ಅರ್ಜಿ ಕೊಡಿ. ತೆಗೆದ ಹೂಳನ್ನು ಎಂದು ಸಾಗಿಸುತ್ತೀರಿ ಎಂದೂ ಅದರಲ್ಲೇ ಕೇಳಿ. ರಸ್ತೆಗೆ ಹೊಸ ಪದರ ಹಾಕಲು ಬಂದರೆ ಹಳೆಯದನ್ನು ಕೆರೆಯುತ್ತೀರಾ, ದೋಷದ ಹೊಣೆ ಎಷ್ಟು ವರ್ಷ ಎಂದು ವಿಚಾರಿಸಿ. ನಿಮ್ಮ ಗೇಟಿನ ರ‍್ಯಾಂಪ್ ಮೋರಿಗೆ ಅಡ್ಡವಾಗಿದೆಯೇ ನೋಡಿಕೊಳ್ಳಿ. ದೂರಿನಲ್ಲಿ ಹತ್ತಿರದ ವಿದ್ಯುತ್ ಕಂಬದ ಸಂಖ್ಯೆ ಬರೆದರೆ ಜಾಗ ಸಿಗಲಿಲ್ಲ ಎನ್ನುವ ನೆಪ ಇರುವುದಿಲ್ಲ. ಬೆಂಗಳೂರಿನಲ್ಲಿ ರಸ್ತೆ ಮತ್ತು ಮಳೆನೀರು ಚರಂಡಿಗೆ 1533, ಉಕ್ಕುವ ಮ್ಯಾನ್‌ಹೋಲಿಗೆ ಜಲಮಂಡಳಿಯ 1916.